ಮೂಡಣಕ್ಕೆ ಹರಿಯುವ ಹೊಳೆ



ಕೇರಳದ ಶಾಲೆಗಳಲ್ಲಿ ಮಕ್ಕಳು ಬಾಯಿಪಾಠ ಮಾಡುವ ಒಂದು ಲೆಕ್ಕ ತಮಗೆಲ್ಲ ಗೊತ್ತಿರಬಹುದು. ರಾಜ್ಯದಲ್ಲಿ 44 ನದಿಗಳು. ಅವುಗಳಲ್ಲಿ 41 ಪಡುವಣ ಕಡಲಿನ ಕಡೆಗೆ ಹೋಗುತ್ತವೆ. ಮೂಡಣಕ್ಕೆ ಹರಿಯುವುದು ಕಬನಿ, ಭವಾನಿ, ಪಾಂಬಾರ್ ಎಂಬ 3 ಮಾತ್ರ. ನಮ್ಮ ಕೊಳವಳ್ಳಿಯ ಮಗ್ಗುಲಲ್ಲಿ ಇರುವುದು ಆ ಮೂರರಲ್ಲಿ ಮೊದಲನೆಯದು. ಹೊಳೆ ದಾಟಿ ಬೈರಕುಪ್ಪೆಯ ಕಡೆಯ ಕನ್ನಡ ಪುಸ್ತಕ ತೆರೆದರೆ ಅದೇ ನೀರಿಗೆ ಕಬಿನಿ ಎಂದೂ ಕಪಿಲೆ ಎಂದೂ ಹೆಸರು. ಅಲ್ಲಿ ಅದು ಕಾವೇರಿಯ ಉಪನದಿ. ಒಂದು ಪುಸ್ತಕದಲ್ಲಿ ನದಿ ಮನೆ ಬಿಟ್ಟು ಹೊರಟುಹೋಗುತ್ತದೆ, ಇನ್ನೊಂದರಲ್ಲಿ ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ. ನಾನು ಕೆಲವು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದವನು. ಹೊರಟದ್ದು ಯಾವುದು, ಬಂದದ್ದು ಯಾವುದು ಎಂದು ಕೇಳಿದಾಗ ಎರಡೂ ಒಂದೇ ಎಂದು ಹೇಳಿದ ಮಕ್ಕಳು ಕಡಿಮೆ. ಅವರ ತಪ್ಪೇನೂ ಇಲ್ಲ; ನಕ್ಷೆ ರಾಜ್ಯದ ಗೆರೆಗೆ ಬಂದು ನಿಂತುಬಿಡುತ್ತದೆ, ಆಚೆಗೆ ಬಿಳಿ ಕಾಗದ.

ಇಂದಿನ ಮಾತು ಆ ಬಿಳಿ ಕಾಗದದ ಬಗ್ಗೆ.

ಮೊದಲು ಹೆಸರುಗಳನ್ನೇ ನೋಡೋಣ. ಪನಮರದ ಹೊಳೆಯೂ ಮಾನಂದವಾಡಿಯ ಹೊಳೆಯೂ ಸೇರಿ ಕಬನಿಯಾಗುವ ಜಾಗಕ್ಕೆ ಕೂಡಲ್ ಕಡವು ಎನ್ನುತ್ತಾರೆ. ಕೂಡಲಸಂಗಮ ಬಲ್ಲ ಕನ್ನಡಿಗನಿಗೆ ಕೂಡಲು ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಕಡವು ಎಂಬ ಮಾತು ನಮ್ಮ ಕರಾವಳಿಯ ಕನ್ನಡದಲ್ಲೂ ದೋಣಿ ಹತ್ತುವ ಜಾಗವೇ. ಮಲಯಾಳದ ಪುಳ ಕನ್ನಡದ ಹೊಳೆ; ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ, ಪಕಾರ ಹಕಾರವಾದದ್ದಷ್ಟೇ ವ್ಯತ್ಯಾಸ. ನಮ್ಮ ಪಂಚಾಯತಿನ ಹೆಸರು ಮುಳ್ಳನ್‌ಕೊಲ್ಲಿ. ಇದೇ ಹೊಳೆಯ ಕೆಳಗೆ, ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಮಹದೇಶ್ವರನ ಗುಡಿಯಿರುವ ಊರಿನ ಹೆಸರು ಭೀಮನಕೊಲ್ಲಿ. ಸುಲ್ತಾನ್ ಬತ್ತೇರಿಗೆ ಸುಲ್ತಾನನ ಹೆಸರು ಬರುವ ಮೊದಲು ಹನ್ನೆರಡು ಬೀದಿ ಎಂಬ ಅಚ್ಚಗನ್ನಡದ ಹೆಸರಿತ್ತು. ಅಲ್ಲಿ ನೆಲೆಸಿದ್ದ ಜೈನರ ಕಲ್ಲಿನ ಬಸದಿ ಇಂದಿಗೂ ಪೇಟೆಯ ನಡುವೆ ನಿಂತಿದೆ. ಗಡಿ ಎಳೆದವರು ಮಾತನ್ನು ಕೇಳಿಸಿಕೊಂಡು ಎಳೆದವರಲ್ಲ ಎಂಬುದಕ್ಕೆ ಇಷ್ಟು ಸಾಕು.

ಈ ಹೊಳೆ ಜಗತ್ತಿನ ಭೂಗೋಳದ ಪುಸ್ತಕವೊಂದರಲ್ಲಿ ಕಾಣಿಸಿಕೊಂಡದ್ದು ಬಹಳ ಹಿಂದೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಟಾಲೆಮಿ ಎಂಬ ವಿದ್ವಾಂಸನಿದ್ದ. ಅವನು ಆಕಾಶದ ಲೆಕ್ಕದಲ್ಲಿ ಪಳಗಿದವನು. ಭೂಮಿಯ ಮೇಲಿನ ಸಾವಿರಾರು ಊರುಗಳಿಗೆ ಅಕ್ಷಾಂಶ ರೇಖಾಂಶ ಹಚ್ಚಿ ಪಟ್ಟಿ ಮಾಡಿದ. ಆ ಪಟ್ಟಿಯ ಭಾರತದ ಭಾಗದಲ್ಲಿ ಪೌನ್ನಟ ಎಂಬ ಊರಿನ ಹೆಸರಿದೆ. ಅಲ್ಲಿ ಬೆರಿಲ್ ಎಂಬ ಹಸಿರು ನೀಲಿ ಹರಳು ಸಿಗುತ್ತದೆ ಎಂದು ಸೇರಿಸಿದ್ದಾನೆ. ಇದು ಪುನ್ನಾಟವೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಪುನ್ನಾಟದ ರಾಜಧಾನಿ ಕೀರ್ತಿಪುರ, ಈಗಿನ ಕಿತ್ತೂರು, ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಇದೇ ಕಬಿನಿಯ ದಡದ ಊರು. ಮುಂದೆ ಗಂಗರು ಆ ನಾಡನ್ನು ಒಳಹಾಕಿಕೊಂಡರು. ಆದರೆ ಪುನ್ನಾಟದ ಹೆಸರು ಹೊತ್ತ ಜೈನ ಸಂಘವೊಂದು ದೂರದ ಪಶ್ಚಿಮ ಭಾರತದವರೆಗೆ ಹೋಯಿತು. 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನ ಆ ಸಂಘದವನು. ನಮ್ಮ ಹೊಳೆಯ ದಡದ ಒಂದು ಹೆಸರು ಹರಳಿನ ರೂಪದಲ್ಲಿ ಅಲೆಕ್ಸಾಂಡ್ರಿಯಾಕ್ಕೂ, ಮುನಿಗಳ ರೂಪದಲ್ಲಿ ಪಶ್ಚಿಮಕ್ಕೂ ಹೋಗಿತ್ತು ಎಂದಾಯಿತು.

ಟಾಲೆಮಿ ಊರುಗಳನ್ನು ಪಟ್ಟಿಮಾಡಿದನೇನೋ ಸರಿ, ಆದರೆ ಅವನ ನಕ್ಷೆಯಲ್ಲಿ ನಮ್ಮ ಪರ್ಯಾಯದ್ವೀಪ ಚಪ್ಪಟೆಯಾಗಿ ಹೋಗಿದೆ, ಶ್ರೀಲಂಕೆ ಮಾತ್ರ ಆನೆಯಂತೆ ಊದಿಕೊಂಡಿದೆ. ಈ ಸೊಟ್ಟ ನೆಟ್ಟಗಾಗಲು ಹದಿನಾರು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ನೆಟ್ಟಗಾದದ್ದೂ ನಮ್ಮ ಸುತ್ತಮುತ್ತಲೇ.

1799ರ ಏಪ್ರಿಲ್ ತಿಂಗಳು. ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿತ್ತು. ಒಂದು ರಾತ್ರಿ ಜನರಲ್ ಬೇರ್ಡ್ ತನ್ನ ಪಡೆಯೊಂದಿಗೆ ಸುಲ್ತಾನಪೇಟೆಯ ತೋಪನ್ನು ತೆರವುಗೊಳಿಸಿ ಬಿಡಾರಕ್ಕೆ ಹಿಂದಿರುಗುತ್ತಿದ್ದ. ಕತ್ತಲು. ಪಡೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ತಲೆಯೆತ್ತಿ ನಕ್ಷತ್ರಗಳನ್ನು ನೋಡಿದ. ದಂಡು ಹೋಗಬೇಕಾದದ್ದು ದಕ್ಷಿಣಕ್ಕೆ, ಹೋಗುತ್ತಿರುವುದು ಉತ್ತರಕ್ಕೆ, ಟಿಪ್ಪುವಿನ ಪಾಳೆಯದ ಕಡೆಗೇ ಎಂದು ಗೊತ್ತಾಯಿತು. ಹೋಗಿ ಹೇಳಿದರೆ ಬೇರ್ಡ್ ಮೊದಲು ಒಪ್ಪಲಿಲ್ಲ. ದಾರಿ ತಿಳಿಯಲು ನಕ್ಷತ್ರ ನೋಡಬೇಕಾಗಿಲ್ಲ ಎಂಬ ಧಾಟಿಯಲ್ಲಿ ತಳ್ಳಿಹಾಕಿದ. ಕೊನೆಗೆ ದಿಕ್ಸೂಚಿ ತೆಗೆದು ನೋಡಿದಾಗ ನಕ್ಷತ್ರಗಳೇ ಸರಿ ಎಂದಾಯಿತು, ಪಡೆ ತಿರುಗಿತು. ಆ ರಾತ್ರಿ ಮೋಡ ಕವಿದಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುವುದುಂಟು. ಇರಲಿ.

ಇದೇ ಲ್ಯಾಂಬ್ಟನ್ ಮುಂದೆ ದೇಶವನ್ನು ತ್ರಿಕೋನಗಳಿಂದ ಅಳೆಯುವ ಕೆಲಸಕ್ಕೆ ಕೈಹಾಕಿದ. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮೊದಲ ಆಧಾರರೇಖೆಯನ್ನು ಸರಪಳಿಯಿಂದ ಅಳೆದ. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ನೋಟ ಹಾಯಿಸುತ್ತಾ ಮೈಸೂರು ಸೀಮೆ ದಾಟಿ, ಕೊಡಗಿನ ತಡಿಯಂಡಮೋಳ್ ಬೆಟ್ಟ, ಕಣ್ಣೂರಿನ ಕಡೆಯ ಏಳಿಮಲೆ ಇವುಗಳ ಮೇಲೆ ಯಂತ್ರವಿಟ್ಟು ಪಡುವಣ ಕಡಲನ್ನು ಮುಟ್ಟಿದ. ಮದರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಅಲ್ಲಿಯವರೆಗೆ ತಿಳಿದಿದ್ದರು. ಅಳೆದಾಗ ಸುಮಾರು 360 ಬಂತು. 40 ಮೈಲಿಯಷ್ಟು ಭೂಮಿ ಕಾಗದದ ಮೇಲೆ ಮಾಯವಾಯಿತು! ಅವನ ಯಂತ್ರ ಅರ್ಧ ಟನ್ ತೂಕದ್ದು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಅದನ್ನು ಎತ್ತುವಾಗ ಹಗ್ಗ ಹರಿದು ಗೋಡೆಗೆ ಬಡಿದು ಜಖಂ ಆಯಿತು. ತಂಜಾವೂರೆಂದರೆ ನಮ್ಮ ನೀರು ಕೊನೆಗೆ ಹೋಗಿ ಸೇರುವ ಸೀಮೆ. ಆ ಊರಿಗೆ ಮತ್ತೆ ಬರುತ್ತೇನೆ.

ಅಳತೆಯ ಹಿಂದೆಯೇ ಗಡಿ. ಟಿಪ್ಪು ಮಡಿದ ಮೇಲೆ ವಯನಾಡು ಯಾರದು ಎಂಬುದೇ ಸ್ಪಷ್ಟವಿರಲಿಲ್ಲ. 1799ರ ಹಂಚಿಕೆಯಲ್ಲಿ ಅದು ಮೈಸೂರಿನ ಪಾಲಿನಲ್ಲಿ ಸೇರಿತ್ತು; 1803ರ ಪೂರಕ ಒಪ್ಪಂದದಲ್ಲಿ ಕಂಪನಿಯ ಕೈಗೆ ಬಂತು. ಕಾಗದದ ಮೇಲೆ ಹೀಗೆ ಕೈಬದಲಾಗುತ್ತಿದ್ದಾಗ ನೆಲದ ಮೇಲೆ ಪಳಶ್ಶಿರಾಜನ ಹೋರಾಟ ನಡೆದಿತ್ತು. 1805ರ ನವೆಂಬರ್ 30ರಂದು ಅವನು ಕೊನೆಯುಸಿರೆಳೆದದ್ದು ಪುಲ್ಪಳ್ಳಿಯ ಹತ್ತಿರದ ಮಾವಿಲತೋಡಿನ ದಡದಲ್ಲಿ, ಇಂದಿನ ಗಡಿಯ ಸಮೀಪ. ಅಂದಿನಿಂದ ಹೊಳೆಯ ಈಚೆ ಮದರಾಸಿನ ಮಲಬಾರ್ ಜಿಲ್ಲೆ, ಆಚೆ ಮೈಸೂರು ಸಂಸ್ಥಾನ. 1956ರ ನವೆಂಬರ್ 1ರಂದು ಎರಡು ರಾಜ್ಯಗಳು ಹುಟ್ಟಿದಾಗ ಗೆರೆ ಹೊಸದಾಗಿ ಎಳೆದದ್ದೇನಲ್ಲ, ಹಳೆಯದರ ಮೇಲೆಯೇ ಮತ್ತೊಮ್ಮೆ ಬರೆದದ್ದು. ವಯನಾಡು ಜಿಲ್ಲೆಯಾದದ್ದು 1980ರಲ್ಲಿ. ರಾಜ್ಯಕ್ಕಿಂತ ಗಡಿಯೇ ಹಿರಿದು ಎಂದು ನಾನು ಹೇಳಿದರೆ ಕೆಲವರಿಗೆ ಹಿಡಿಸುವುದಿಲ್ಲ. ಆದರೆ ವಯಸ್ಸಿನ ಲೆಕ್ಕ ಅದು, ಅಭಿಮಾನದ್ದಲ್ಲ.

ಈ ಗಡಿ ನಮ್ಮ ದಿನಗಳನ್ನು ಹೇಗೆ ಕತ್ತರಿಸುತ್ತದೆ ಎಂದು ತಮಗೆ ವಿವರಿಸಬೇಕಾಗಿಲ್ಲ. ಆಚೆಯವರು ಆಸ್ಪತ್ರೆಗೂ ಸಂತೆಗೂ ದೋಣಿ ಹತ್ತಿ ಈಚೆ ಬರುತ್ತಾರೆ. ಈಚೆಯವರು ಶುಂಠಿ ಬೆಳೆಯಲು, ಕೂಲಿಗೆ, ಆಚೆ ಹೋಗುತ್ತಾರೆ. ಒಂದೇ ಓಣಿಯಲ್ಲಿ ಒಂದು ಮನೆಯವರಿಗೆ ಯುಗಾದಿ ವರ್ಷಾರಂಭ, ಪಕ್ಕದ ಮನೆಯವರಿಗೆ ವಿಷು. ಸೇತುವೆಯ ಬೇಡಿಕೆ ದಶಕಗಳಷ್ಟು ಹಳೆಯದು. 2020ರಲ್ಲಿ ಕೊರೊನಾ ಕಾಲದಲ್ಲಿ ದೋಣಿಗಳು ನಿಂತಾಗ, ಬೇಸಿಗೆಯಲ್ಲಿ ಮೊಣಕಾಲು ನೀರಿನಲ್ಲಿ ದಾಟುವ ಹೊಳೆ ಒಮ್ಮೆಗೇ ಸಮುದ್ರದಷ್ಟು ಅಗಲವಾಯಿತು. ಆನೆಗಳು ಮಾತ್ರ ಎಂದಿನಂತೆ ದಾಟುತ್ತಿದ್ದವು.

ನೀರಿನ ಲೆಕ್ಕಕ್ಕೆ ಬರೋಣ. ಬೀಚನಹಳ್ಳಿಯಲ್ಲಿ ಕಬಿನಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ, ಹಿಡಿಯುವ ನೀರು 19.52 ಟಿಎಂಸಿ. ನಮ್ಮ ಮೇಲೆ ಬಾಣಾಸುರಸಾಗರ, ಕಾರಾಪುಳ. ನಮ್ಮ ಕೆಳಗೆ ಕಬಿನಿ ಜಲಾಶಯ. ಮಧ್ಯೆ ನಾವು. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಕೊಟ್ಟ ತೀರ್ಪಿನಲ್ಲಿ ಕೇರಳಕ್ಕೆ ಬಂದ 30 ಟಿಎಂಸಿಯಲ್ಲಿ 21 ಈ ಕಬನಿ ಕಣಿವೆಯದು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಎಂದು ಬದಲಿಸಿದಾಗಲೂ ಕೇರಳದ ಅಂಕೆ ಹಾಗೆಯೇ ಉಳಿಯಿತು. ಪತ್ರಿಕೆಗಳಲ್ಲಿ ಈ ಅಂಕೆಗಳನ್ನು ಓದುವಾಗ ನೀರೆಂಬುದು ಬೆಲ್ಲದಂತೆ ತೂಗಿ ಕೊಡುವ ವಸ್ತುವೆಂದು ಅನಿಸುತ್ತದೆ. ಅದೇ ವರ್ಷ ನೀರು ತಾನೇ ಬಂದು ಈ ತಕ್ಕಡಿಯನ್ನು ಮಗುಚಿತು.

2018ರ ಆಗಸ್ಟ್. ಬಂಗಾಳ ಕೊಲ್ಲಿಯಲ್ಲಿ, ಒಡಿಶಾದ ಕರಾವಳಿಯ ಬಳಿ, ವಾಯುಭಾರ ಕುಸಿತವಾಗಿತ್ತು. ಒಡಿಶಾ ಎಲ್ಲಿ, ಲಕ್ಕಿಡಿ ಎಲ್ಲಿ ಎಂದು ತಾವು ಕೇಳಬಹುದು. ಆ ಕುಸಿತ ಒಂದು ತಿದಿಯಂತೆ ಪಡುವಣ ಕಡಲಿನ ತೇವದ ಗಾಳಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಗಾಳಿ ಸಹ್ಯಾದ್ರಿಯನ್ನು ಏರಬೇಕು, ಏರಿದಾಗ ತಣಿಯುತ್ತದೆ, ತಣಿದಾಗ ಹೊತ್ತದ್ದನ್ನೆಲ್ಲ ಸುರಿಯುತ್ತದೆ. ಹಾಗೆ ಮೂಡಣ ಕಡಲಿನ ಕುಸಿತಕ್ಕೆ ಪಡುವಣ ಬೆಟ್ಟದಲ್ಲಿ ಪ್ರಳಯ. ಲಕ್ಕಿಡಿ, ಪೂಕೋಡು ಕೆರೆಯ ಸುತ್ತ ಬಿದ್ದ ಮಳೆ ಪನಮರದ ಹೊಳೆಯಾಗಿ ನಮ್ಮಲ್ಲಿಗೆ ಬಂತು. ಕೆಳಗೆ ನಂಜನಗೂಡಿನಲ್ಲಿ ಮೈಸೂರು ರಸ್ತೆಯ ಮೇಲೆ ನೀರು ಹರಿಯಿತು.

ಆ ರಾತ್ರಿಗಳಲ್ಲಿ ಒಂದು ರಾತ್ರಿ ಆಚೆ ದಡದ ಪರಿಚಿತರೊಬ್ಬರು ನನಗೆ ದೂರವಾಣಿ ಮಾಡಿದರು. "ನಮ್ಮ ಜಿಲ್ಲೆಗೆ ಮಳೆ ಸಾಧಾರಣ ಅಂತ ವಾರ್ತೇಲಿ ಹೇಳಿದ್ರು. ಇಲ್ಲಿ ಮಳೆ ಬಿಟ್ಟೂ ಬಿಟ್ಟಿದೆ. ಹೊಳೆ ಯಾಕೆ ಹಟ್ಟಿ ಹತ್ತಿರ ಬರ್ತಿದೆ?" ಎಂದು ಕೇಳಿದರು. ವಾರ್ತೆ ಹೇಳಿದ್ದು ಸುಳ್ಳಲ್ಲ. ಮುನ್ಸೂಚನೆ ಜಿಲ್ಲೆಯ ಲೆಕ್ಕದಲ್ಲಿ ಬರುತ್ತದೆ, ಅವರ ಜಿಲ್ಲೆ ಒಳನಾಡು. ಆದರೆ ಅವರ ಹೊಳೆಯ ಮಳೆ ಅವರ ಜಿಲ್ಲೆಯಲ್ಲಿ ಬೀಳುವುದಿಲ್ಲ, ನಮ್ಮ ಜಿಲ್ಲೆಯಲ್ಲಿ ಬೀಳುತ್ತದೆ. ನಮ್ಮ ಕಡೆ ಕೆಂಪು ಎಚ್ಚರಿಕೆ ಮಲಯಾಳದಲ್ಲಿ ಬಿತ್ತರವಾಗುತ್ತಲೇ ಇತ್ತು, ಆಚೆ ಅದನ್ನು ಹೇಳುವವರಿರಲಿಲ್ಲ. ಮೇಲಿನ ಅಣೆಕಟ್ಟಿನ ಬಾಗಿಲು ಎಷ್ಟು ತೆರೆದಿದೆ ಎಂದು ನಾನು ಕೇಳಿದ್ದನ್ನು ಕನ್ನಡದಲ್ಲಿ ಹೇಳಿದೆ. ದನ ಬಿಚ್ಚಿಕೊಂಡು ದಿಣ್ಣೆಗೆ ಹೋಗುತ್ತೇವೆ ಎಂದು ಫೋನ್ ಇಟ್ಟರು. ಮರುದಿನ ಇಬ್ಬರು ಅಧಿಕಾರಿಗಳಿಗೆ, ಈಚೆ ಒಬ್ಬರು ಆಚೆ ಒಬ್ಬರು, ಈ ಮಾತು ತಿಳಿಸಲು ಹೋದೆ. ಇಬ್ಬರೂ ವಿನಯದಿಂದಲೇ, ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಒಂದೇ ಉತ್ತರವನ್ನು ಎರಡು ಭಾಷೆಯಲ್ಲಿ ಕೇಳಿದ ಭಾಗ್ಯ ನನ್ನದು.

ಅದೇ ವರ್ಷದ ನವೆಂಬರ್ 16ರ ನಸುಕಿನಲ್ಲಿ ಗಜ ಎಂಬ ಚಂಡಮಾರುತ ನಾಗಪಟ್ಟಿಣಂ ಮತ್ತು ವೇದಾರಣ್ಯಂ ನಡುವೆ ದಡಕ್ಕೆ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ 100 ಕಿಲೋಮೀಟರಿಗೂ ಹೆಚ್ಚು. ನಾಗಪಟ್ಟಿಣಂ, ತಿರುವಾರೂರು, ತಂಜಾವೂರು, ಪುದುಕ್ಕೋಟೈ ಜಿಲ್ಲೆಗಳಲ್ಲಿ ತೆಂಗಿನ ತೋಟಗಳು ಬೇರುಸಹಿತ ಮಲಗಿದವು. ಒಂದು ತೆಂಗು ಫಲಕ್ಕೆ ಬರಲು ಎಷ್ಟು ವರ್ಷ ಬೇಕು ಎಂಬುದು ತಮಗೆ ಗೊತ್ತು. ಅಲ್ಲಿಯವರ ಪಾಲಿಗೆ ಅದು ಒಂದು ಬೆಳೆಯ ನಷ್ಟವಾಗಿರಲಿಲ್ಲ. ಕಾವೇರಿಯ ಕವಲುಗಳು ಕಡಲು ಸೇರುವ ಸೀಮೆ ಇದು. ತಿರುಮಕೂಡಲು ನರಸೀಪುರದಲ್ಲಿ ಕಬಿನಿ ಕಾವೇರಿಯನ್ನು ಕೂಡಿ, ಮೆಟ್ಟೂರು ದಾಟಿ, ಕಲ್ಲಣೆಯಲ್ಲಿ ಹಂಚಿಹೋಗಿ ಮುಟ್ಟುವ ಕೊನೆ. ಆಗಸ್ಟ್‌ನಲ್ಲಿ ನದಿಯ ತಲೆಯ ಕಡೆ ನೆರೆ, ನವೆಂಬರ್‌ನಲ್ಲಿ ಕಾಲಿನ ಕಡೆ ಬಿರುಗಾಳಿ. ಗಜದ ಉಳಿದ ಮೋಡಗಳು ಕೇರಳವನ್ನು ಅಡ್ಡ ಹಾಯ್ದು ಅರಬ್ಬೀ ಸಮುದ್ರಕ್ಕೆ ಇಳಿದವು. ನಮ್ಮವರು ಮೆಣಸಿನ ಬಳ್ಳಿಗೆ ಇನ್ನು ಮಳೆ ಬೇಡವಾಗಿತ್ತು ಎಂದು ಗೊಣಗಿದರು. ಅದು ತಂಜಾವೂರಿನ ತೆಂಗು ಕೆಡವಿ ಬಂದ ಮೋಡ ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ ಮರುದಿನ ಪತ್ರಿಕೆ ನೋಡಿದ ಮೇಲೆಯೇ ಹೊಳೆದದ್ದು.

ಸೈಕ್ಲೋನ್ ಎಂಬ ಪದವನ್ನು ಟಂಕಿಸಿದ್ದು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್, 1840ರ ದಶಕದಲ್ಲಿ. ಸುತ್ತಿಕೊಂಡ ಹಾವನ್ನು ನೆನಪಿಸುವ ಗ್ರೀಕ್ ಮಾತಿನಿಂದ ಅದನ್ನು ಮಾಡಿದ. ಹೆಸರಿಟ್ಟ ಮಾತ್ರಕ್ಕೆ ಹಾವು ಕಚ್ಚುವುದನ್ನು ಬಿಡಲಿಲ್ಲ. 1970ರ ನವೆಂಬರ್ 12ರಂದು ಗಂಗೆಯ ಮುಖಜ ಭೂಮಿಯಲ್ಲಿ, ಆಗಿನ ಪೂರ್ವ ಪಾಕಿಸ್ತಾನದಲ್ಲಿ, ಎದ್ದ ಭೋಲಾ ಚಂಡಮಾರುತದಲ್ಲಿ ಕನಿಷ್ಠ 3 ಲಕ್ಷ ಜನ ಸತ್ತರು. ಬಾನುಲಿಯವರು ಕೇಳಿಸಿಕೊಳ್ಳಬೇಕಾದ ಮಾತೊಂದು ಇಲ್ಲಿದೆ. ಬಿರುಗಾಳಿ ಬರುತ್ತಿದೆ ಎಂಬ ಸುದ್ದಿ ಅಲ್ಲಿ ಹೆಚ್ಚಿನವರಿಗೆ ರೇಡಿಯೋ ಮೂಲಕ ತಲುಪಿತ್ತು. ಆದರೂ ಗಟ್ಟಿ ಕಟ್ಟಡಗಳಿಗೆ ಹೋದವರು ಬೆರಳೆಣಿಕೆಯಷ್ಟು. ನೀರು ಎಷ್ಟು ಎತ್ತರ ಬರುತ್ತದೆ, ತಮ್ಮ ದ್ವೀಪಕ್ಕೆ ಬರುತ್ತದೆಯೇ, ಎಲ್ಲಿಗೆ ಹೋಗಬೇಕು, ಇದೊಂದೂ ಆ ಸುದ್ದಿಯಿಂದ ಅವರಿಗೆ ತಿಳಿದಿರಲಿಲ್ಲ.

ಏಳು ವರ್ಷದ ಮೇಲೆ, 1977ರ ನವೆಂಬರ್ 19ರಂದು, ಆಂಧ್ರದ ದಿವಿಸೀಮೆಯಲ್ಲಿ ಅದೇ ಕಥೆ. ದಿವಿಸೀಮೆ ಎಂದರೆ ಕೃಷ್ಣೆ ಕಡಲು ಸೇರುವ ಜಾಗ. ನಮ್ಮ ಕರ್ನಾಟಕವನ್ನು ಹಾದು ಹೋದ ಇನ್ನೊಂದು ನದಿಯ ಕಾಲು. ಕಡಲು ಎದ್ದು ಬಂದು ಊರೂರನ್ನೇ ಗುಡಿಸಿತು. ಸುಮಾರು ಹತ್ತು ಸಾವಿರ ಜನ ಹೋದರು. 1999ರ ಅಕ್ಟೋಬರ್‌ನಲ್ಲಿ ಒಡಿಶಾದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ 2013ರಲ್ಲಿ ಅದೇ ಒಡಿಶಾಕ್ಕೆ ಫೈಲಿನ್ ಬಂದಾಗ ಮೊದಲೇ ಲಕ್ಷಾಂತರ ಜನರನ್ನು ಆಶ್ರಯ ಕಟ್ಟಡಗಳಿಗೆ ಸಾಗಿಸಿದ್ದರು, ಸಾವು ಕೆಲವು ಹತ್ತುಗಳಲ್ಲಿ ನಿಂತಿತು. ಗಾಳಿ ಸೌಮ್ಯವಾದದ್ದರಿಂದ ಅಲ್ಲ. ಯಾವ ಊರು, ಎಷ್ಟು ಹೊತ್ತಿಗೆ, ಯಾವ ಕಟ್ಟಡಕ್ಕೆ ಎಂದು ಊರಿನ ಮಾತಿನಲ್ಲಿ ಹೇಳುವ ಜನ ಊರೊಳಗೇ ತಯಾರಾಗಿದ್ದರು.

ಇದನ್ನೆಲ್ಲ ಬೆಟ್ಟದ ಮೇಲಿರುವ ನಮಗೆ ಏಕೆ ಹೇಳಬೇಕು? 2019ರ ಆಗಸ್ಟ್ 8ರಂದು ಪುತ್ತುಮಲದಲ್ಲಿ, 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಗುಡ್ಡವೇ ನೀರಾಗಿ ಇಳಿಯಿತು. ಎರಡನೆಯದರಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ಚಾಮರಾಜನಗರ, ಮಂಡ್ಯದ ಕಡೆಯಿಂದ ಬಂದು ಅಲ್ಲಿ ನೆಲೆಸಿದ್ದ ಕುಟುಂಬಗಳೂ ಅವರಲ್ಲಿದ್ದವು. ಮೃತದೇಹಗಳು ಸಿಕ್ಕಿದ್ದು ಚಾಲಿಯಾರ್ ಹೊಳೆಯಲ್ಲಿ, ಮಲಪ್ಪುರಂ ಜಿಲ್ಲೆಯ ನಿಲಂಬೂರಿನ ಕಡೆ. ಆಗ ನನ್ನನ್ನು ಹಲವರು ಕೇಳಿದರು, ವಯನಾಡಿನ ಹೊಳೆ ಎಂದರೆ ಕಬನಿಯಲ್ಲವೇ, ಹಾಗಾದರೆ ಹೆಣಗಳು ಇಲ್ಲಿಗೆ ಬರಬೇಕಿತ್ತಲ್ಲ ಎಂದು. ಕಠಿಣ ಪ್ರಶ್ನೆ, ಆದರೆ ಭೂಗೋಳದ ಪ್ರಶ್ನೆ. ವಯನಾಡಿನ ತೆಂಕಣ ಅಂಚಿನ ಬೆಟ್ಟಸಾಲು ಮನೆಯ ಮಾಡಿನ ತುದಿಯಂತೆ. ಒಂದೇ ಮೋಡದ ಮಳೆ ತುದಿಯ ಈಚೆ ಬಿದ್ದರೆ ನಮ್ಮ ಕಡವಿಗೆ ಬಂದು ಬಂಗಾಳ ಕೊಲ್ಲಿಗೆ, ಆಚೆ ಬಿದ್ದರೆ ಚಾಲಿಯಾರ್ ಹಿಡಿದು ಅರಬ್ಬೀ ಸಮುದ್ರಕ್ಕೆ. ಚೂರಲ್‌ಮಲ ಜಿಲ್ಲೆಯೊಳಗೇ ಇದ್ದರೂ ನೀರಿನ ಲೆಕ್ಕದಲ್ಲಿ ಮಾಡಿನ ಆ ಬದಿಗೆ.

ಮಳೆ ಬೆಟ್ಟದಲ್ಲೇ ಮುಗಿದುಹೋಗುವುದರಿಂದ ಮೂಡಣದ ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿ ಕಡೆಗೆ ಬರುವುದು ಲಕ್ಕಿಡಿಯ ಅರ್ಧಕ್ಕಿಂತಲೂ ಕಡಿಮೆ. ಹೀಗೆ ಒಂದೇ ಜಿಲ್ಲೆಯಲ್ಲಿ ಅಲ್ಲಿ ಕುಸಿತ, ಇಲ್ಲಿ ಬರ. ಕಡವಿನಲ್ಲಿ ಬಂಡೆಗಳು ಬೆನ್ನು ತೋರಿಸಿದ ಬೇಸಿಗೆಗಳನ್ನು ನಾವು ಕಂಡಿದ್ದೇವೆ. ಆದುದರಿಂದಲೇ ನಮ್ಮ ಹಿರಿಯರು ಮಳೆಯ ಲೆಕ್ಕವನ್ನು ಜಿಲ್ಲೆಯಿಂದಲ್ಲ, ಆಕಾಶದಿಂದ ಇಟ್ಟರು.

ಕನ್ನಡದ ರೈತ ಆರಿದ್ರಾ ಮಳೆ ಎನ್ನುತ್ತಾನೆ, ಮಲಯಾಳಿ ರೈತ ತಿರುವಾದಿರ ಞಾಟ್ಟುವೇಲ ಎನ್ನುತ್ತಾನೆ. ಎರಡೂ ಒಂದೇ ಎರಡು ವಾರ, ಜೂನ್ 21-22ರಿಂದ ಜುಲೈ ಮೊದಲ ವಾರದವರೆಗೆ. ಞಾಟ್ಟುವೇಲದ ಒಳಗೆ ಞಾಯಿರ್ ಎಂಬ ಹಳೆಯ ಮಾತಿದೆ, ಅಂದರೆ ಸೂರ್ಯ; ಅದು ನಮ್ಮ ನೇಸರಿನ ಒಡಹುಟ್ಟಿದ ಪದ. ನೇಸರ ವೇಳೆ. ಸೂರ್ಯ 27 ನಕ್ಷತ್ರಗಳನ್ನು ವರ್ಷಕ್ಕೊಮ್ಮೆ ಸುತ್ತುತ್ತಾನೆ, ಒಂದೊಂದರಲ್ಲಿ ಹದಿಮೂರೂವರೆ ದಿನ ತಂಗುತ್ತಾನೆ. ಮೆಣಸಿನ ಬಳ್ಳಿ ನೆಡಲು ತಿರುವಾದಿರಕ್ಕಿಂತ ಒಳ್ಳೆಯ ಹೊತ್ತಿಲ್ಲ ಎಂಬುದು ಇಲ್ಲಿನ ನಂಬಿಕೆ. ಆದರೆ ಒಂದು ತಮಾಷೆ ನೋಡಿ. ಆರಿದ್ರಾ ಮಳೆಯಲ್ಲಿ ಆರಿದ್ರಾ ನಕ್ಷತ್ರ ಯಾರಿಗೂ ಕಾಣುವುದಿಲ್ಲ. ಸೂರ್ಯ ಅದರ ಹತ್ತಿರವೇ ಇರುವುದರಿಂದ ಹಗಲ ಬೆಳಕಿನಲ್ಲಿ ಅದು ಮುಳುಗಿರುತ್ತದೆ. ಕಾಣದ ನಕ್ಷತ್ರದ ಹೆಸರಿನಲ್ಲಿ ಸಾವಿರ ವರ್ಷ ಬಿತ್ತನೆ ನಡೆದಿದೆ.

ಕಾಣುವಂತೆ ಮಾಡುವ ಯಂತ್ರ ಬಂದದ್ದು 1923ರಲ್ಲಿ. ಜರ್ಮನಿಯ ಜೈಸ್ ಸಂಸ್ಥೆಯ ವಾಲ್ಟರ್ ಬಾವರ್ಸ್‌ಫೆಲ್ಡ್ ಎಂಬ ಎಂಜಿನಿಯರ್ ಗುಮ್ಮಟದೊಳಗೆ ನಕ್ಷತ್ರಗಳನ್ನು ಬೆಳಕಿನಿಂದ ಮೂಡಿಸುವ ಯಂತ್ರ ಮಾಡಿದ. ಆ ವರ್ಷದ ಅಕ್ಟೋಬರ್‌ನಲ್ಲಿ ಮ್ಯೂನಿಕ್ ನಗರದಲ್ಲಿ ಅದನ್ನು ತೋರಿಸಿದರು. ನಮ್ಮ ದೇಶದಲ್ಲಿ ಕಲ್ಕತ್ತೆಯ ಬಿರ್ಲಾ ತಾರಾಲಯ 1960ರ ದಶಕದ್ದು. ಬೆಂಗಳೂರಿನ ನೆಹರೂ ತಾರಾಲಯ 1989ರದು, ಕಲ್ಲಿಕೋಟೆಯದು 1997ರದು, ಮಂಗಳೂರಿನ ಪಿಲಿಕುಳದ್ದು 2018ರದು.

ಕೆಲವು ವರ್ಷಗಳ ಹಿಂದೆ ನೆರೆಮನೆಯ ಅಜ್ಜಿಯೊಬ್ಬರನ್ನು ಕಣ್ಣಿನ ಪೊರೆ ತೆಗೆದ ಮೇಲಿನ ತಪಾಸಣೆಗೆಂದು ಕಲ್ಲಿಕೋಟೆಗೆ ಕರೆದೊಯ್ದಿದ್ದೆವು. ಜೂನ್ ತಿಂಗಳ ಕೊನೆಯ ವಾರ. ಕೆಲಸ ಬೇಗ ಮುಗಿಯಿತು, ಬಸ್ಸಿಗೆ ಹೊತ್ತಿತ್ತು. ಅವರ ಮೊಮ್ಮಗಳು ಹಟ ಹಿಡಿದದ್ದರಿಂದ ತಾರಾಲಯಕ್ಕೆ ಹೋದೆವು. ಅಜ್ಜಿ ಮನೆಯಲ್ಲಿ ಕನ್ನಡ ಆಡುವವರು, ಸಂತೆಯಲ್ಲಿ ಮಲಯಾಳ. ಗುಮ್ಮಟದಲ್ಲಿ ಕತ್ತಲಾಗಿ ನಕ್ಷತ್ರ ಮೂಡಿದಾಗ ಗಟ್ಟಿಯಾಗಿಯೇ "ಮಳೆಗಾಲದಲ್ಲಿ ಇಷ್ಟು ಚುಕ್ಕಿ ಎಲ್ಲಿಂದ ಬಂತು?" ಎಂದರು. ಪ್ರದರ್ಶನ ಮುಗಿದು ಜನ ಎದ್ದಾಗ ನಾನು ನಡೆಸುವವರ ಬಳಿ ಹೋಗಿ ಒಂದು ಕೋರಿಕೆ ಇಟ್ಟೆ: ಇಂದಿನ ಮಧ್ಯಾಹ್ನದ ಆಕಾಶ ತೋರಿಸಿ, ಆಮೇಲೆ ಸೂರ್ಯನ ಬೆಳಕನ್ನು ಆರಿಸಿ. ಅವರು ನಕ್ಕು ಒಪ್ಪಿದರು.

ನೆತ್ತಿಯ ಮೇಲೆ ಸೂರ್ಯನಿದ್ದ. ಬೆಳಕು ಇಳಿಯಿತು. ಅವನ ಕೆಳಗೆ, ಅಷ್ಟೇನೂ ದೂರವಲ್ಲದೆ, ಮಹಾವ್ಯಾಧನ ಹೆಗಲ ಮೇಲೆ ಒಂದು ಕೆಂಪು ಚುಕ್ಕಿ. ಅದೇ ಆರಿದ್ರಾ, ತಿರುವಾದಿರ. ಅಂದಾಜಿನ ಪ್ರಕಾರ ವಿಜಯನಗರದ ಅರಸರ ಕಾಲದಲ್ಲಿ ಅಲ್ಲಿಂದ ಹೊರಟ ಬೆಳಕು ಈಗ ನಮ್ಮನ್ನು ಮುಟ್ಟುತ್ತಿದೆ. ನಡೆಸುವವರಿಗೆ ಉತ್ಸಾಹ ಬಂತು. ಯಂತ್ರವನ್ನು ಒಂದೂವರೆ ಸಾವಿರ ವರ್ಷ ಹಿಂದಕ್ಕೆ ತಿರುಗಿಸಿದರು. ಭೂಮಿಯ ಅಕ್ಷ ಬುಗುರಿಯಂತೆ ವಾಲುತ್ತಾ ತಿರುಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ಈ ಲೆಕ್ಕ ಜಾರುತ್ತದೆ. ಆರ್ಯಭಟನ ಕಾಲದಲ್ಲಿ ಸೂರ್ಯ ಈ ಚುಕ್ಕಿಯ ಬಳಿ ಬರುತ್ತಿದ್ದದ್ದು ಋತುವಿನ ಲೆಕ್ಕಕ್ಕೆ ಮೂರು ವಾರ ಮೊದಲು, ಮಳೆ ಇನ್ನೂ ಬಾಗಿಲಲ್ಲಿರುವಾಗ. ಮೊಮ್ಮಗಳು, ಹಾಗಾದರೆ ಮುಂದೆ ತಿರುವಾದಿರ ಮಳೆ ಮುಗಿದ ಮೇಲೆ ಬರುತ್ತದೆಯೇ ಎಂದು ಕೇಳಿದಳು. ಬಹಳ ಕಾಲದ ಮೇಲೆ ಹಾಗೂ ಆಗಬಹುದು ಎಂದರು. ಅಜ್ಜಿಗೆ ಈ ಮಾತು ಅಷ್ಟಾಗಿ ಹಿಡಿಸಲಿಲ್ಲ. ಅವರು ಕುತ್ತಿಗೆ ನೋಯುವಷ್ಟು ಹೊತ್ತು ಆ ಕೆಂಪು ಚುಕ್ಕಿಯನ್ನೇ ನೋಡುತ್ತಿದ್ದರು. "ಎಪ್ಪತ್ತು ಮಳೆ ಕಂಡೆ, ಇದನ್ನು ಈಗ ಕಂಡೆ" ಎಂದಷ್ಟೇ ಹೇಳಿದರು.

ಹಿಂದಿರುಗುವಾಗ ಘಾಟಿ ಹತ್ತಿ ಲಕ್ಕಿಡಿಗೆ ಬಂದರೆ ಬಸ್ಸಿನ ಗಾಜಿನಾಚೆ ಏನೂ ಕಾಣದಷ್ಟು ಮಳೆ. ಕಲ್ಪೆಟ್ಟದಲ್ಲಿ ಜಿನುಗು. ಪುಲ್ಪಳ್ಳಿಗೆ ಬರುವಾಗ ರಸ್ತೆ ಒಣಗಿತ್ತು. ಕೊಳವಳ್ಳಿಯಲ್ಲಿ ಅಂಗಳದ ಧೂಳು ಹಾಗೆಯೇ ಇತ್ತು, ಅಜ್ಜಿ ಬೆಳಿಗ್ಗೆ ಒಣಗಲು ಹಾಕಿದ್ದ ಸೀರೆ ಹಗ್ಗದ ಮೇಲೆ ಒಣಗಿಯೇ ನೇತಾಡುತ್ತಿತ್ತು. ಕತ್ತಲಾಗುವ ಮೊದಲು ಕಡವಿನವರೆಗೆ ಹೋಗಿ ಬಂದೆ. ಹೊಳೆ ಕೆಂಪಾಗಿತ್ತು, ಬೆಳಿಗ್ಗೆ ಕಂಡಿದ್ದ ಎರಡು ಕಲ್ಲುಗಳು ನೀರಿನೊಳಗೆ ಹೋಗಿದ್ದವು. ದೋಣಿಯವನು ದೋಣಿಯನ್ನು ಇನ್ನೊಂದು ಮರಕ್ಕೆ, ಸ್ವಲ್ಪ ಮೇಲಕ್ಕೆ, ಕಟ್ಟುತ್ತಿದ್ದ. ನಾನು ಮನೆಗೆ ಬಂದು ಆಚೆ ದಡದವರಿಗೆ ಫೋನ್ ಮಾಡಿದೆ.